ಕಮಲಾಪುರದ ಸೊಸೆಯ ರಕ್ತಪರೀಕ್ಷೆ

ನಾನು ಕಲಬುರಗಿಯ ಸರಕಾರಿ ದವಾಖಾನೆಯ ಜನಾನಾ ವಾರ್ಡಿನಲ್ಲಿ ನರ್ಸಾಗಿದ್ದ ಕಾಲದಲ್ಲಿ ಡಾಕ್ಟರ್ ಸಾಹೇಬರಿಗೂ ಹೆಣ್ಣು ರೋಗಿಗೂ ನಡುವೆ ಯಾವಾಗಲೂ ಒಂದು ಪರದೆ ಇರುತ್ತಿತ್ತು. ಸಾಹೇಬರು ಆಚೆ ಕುರ್ಚಿಯಲ್ಲಿ ಕೂತು ಉರ್ದುವಿನಲ್ಲಿ ಕೇಳುವರು. ನಾನು ಅದನ್ನು ಕನ್ನಡಕ್ಕೋ ಮರಾಠಿಗೋ ತಿರುಗಿಸಿ ಈಚೆ ಕೇಳಬೇಕು. ರೋಗಿಯ ಬದಲು ಅವಳ ಅತ್ತೆ ಉತ್ತರ ಕೊಡುವಳು. ನಾನು ಅದನ್ನು ಮತ್ತೆ ಉರ್ದು ಮಾಡಿ ಆಚೆ ಒಪ್ಪಿಸಬೇಕು. ನಾಡಿ ನೋಡುವುದಿದ್ದರೆ ಪರದೆಯ ಸಂದಿಯಿಂದ ಒಂದು ಕೈ ಹೊರಗೆ ಹೋಗುತ್ತಿತ್ತು, ಅಷ್ಟೇ. ಉಳಿದ ಮೈಯನ್ನೆಲ್ಲ ನಾನೇ ನೋಡಿ, ನೋಡಿದ್ದನ್ನು ಮಾತಿನಲ್ಲಿ ಹೇಳುತ್ತಿದ್ದೆ. ಸಾಹೇಬರು ನನ್ನ ಕಣ್ಣು ನಂಬಿ ಔಷಧ ಬರೆಯುತ್ತಿದ್ದರು.

ವಾರಕ್ಕೊಮ್ಮೆ, ಸಂತೆಯ ದಿನ, ಅದೇ ಪರದೆಯನ್ನು ಮಡಚಿ ಟ್ರಂಕಿಗೆ ತುಂಬಿಕೊಂಡು ಕಮಲಾಪುರಕ್ಕೆ ಹೋಗುತ್ತಿದ್ದೆವು. ಸರ್ವಿಸ್ ಮೋಟಾರಿನಿಂದ ಇಳಿಯುವಷ್ಟರಲ್ಲಿ ದಾರಿಯ ಧೂಳಿಗೆ ಸಾಹೇಬರ ಕರಿ ಶೇರವಾನಿಯೂ ನನ್ನ ಬಿಳಿ ಸೀರೆಯೂ ಒಂದೇ ಬಣ್ಣಕ್ಕೆ ತಿರುಗಿರುತ್ತಿದ್ದವು. ಚಾವಡಿಯ ಪಕ್ಕದಲ್ಲಿ ಎರಡು ಕೋಣೆಯ ದವಾಖಾನೆ. ಜನ ಕೆಂಪು ಬಾಳೆಗೊನೆ ಮಾರಿ, ಉಪ್ಪು ಎಣ್ಣೆ ಕೊಂಡು, ಊರ ದಾರಿ ಹಿಡಿಯುವ ಮುನ್ನ ನಮ್ಮ ಮುಂದೆ ಬಂದು ಒಂದಷ್ಟು ಕೆಮ್ಮಿ ಹೋಗುತ್ತಿದ್ದರು. ನಾನು ವೈಷ್ಣವರ ಮನೆಯ ವಿಧವೆ. ಕಂಡವರ ರಕ್ತ ಕೀವು ಮುಟ್ಟುವವಳೆಂದು ನಮ್ಮವರು ನನ್ನನ್ನು ಅಡುಗೆಮನೆಗೆ ಬಿಡುತ್ತಿರಲಿಲ್ಲ. ಅಡುಗೆ ಮಾಡುವ ಕಷ್ಟ ತಪ್ಪಿತೆಂದು ನಾನೂ ಸುಮ್ಮನಿದ್ದೆ.

ಪಂಚಮಿ ಮುಗಿದ ವಾರ ಬಾಳೆತೋಟದ ದೊಡ್ಡ ಮನೆಯ ಅತ್ತೆ ತನ್ನ ಸೊಸೆಯನ್ನು ಕರೆದುಕೊಂಡು ಬಂದಳು. ಅತ್ತೆ ಸ್ಟೂಲಿನ ಮೇಲೆ ಕೂತಳು, ಸೊಸೆ ಗೋಡೆಗೆ ಆತು ನಿಂತಳು.

"ಮೂರು ಸಲ ಬಸಿರಾಗ್ಯಾಳ್ರೀ ಬಾಯಾರ," ಅಂದಳು ಅತ್ತೆ. "ಒಂದೂ ಕೈಗೆ ಹತ್ತಲಿಲ್ಲ. ಔಷಧ ಕೊಡೋದಿದ್ರ ಕೊಡ್ರಿ. ಇಕಿಗಿ ಇನ್ನ ಆಗಂಗಿಲ್ಲ ಅನ್ನೋದಿದ್ರ ಅದನ್ನರ ಹೇಳಿಬಿಡ್ರಿ. ಇಕಿ ತಂಗೀನ್ನ ನಮ್ಮ ಹುಡುಗಗ ತಗೋತೀವಿ."

ಅಕ್ಕನಿಗೆ ಮಕ್ಕಳಾಗದಿದ್ದರೆ ತಂಗಿಯನ್ನೂ ಅದೇ ಮನೆಗೆ ಕೊಡುವುದು ನಮ್ಮ ಕಡೆ ಹೊಸದಲ್ಲ. ಹೊರಗಿನಿಂದ ಸವತಿ ಬರುವುದಕ್ಕಿಂತ ಒಡಹುಟ್ಟಿದವಳು ಬರಲಿ ಎಂದು ಹೆಣ್ಣಿನ ತಾಯಿತಂದೆಯೇ ಒಪ್ಪುತ್ತಿದ್ದರು.

ಸಾಹೇಬರು ಒಂದೊಂದು ಬಸಿರಿನ ಕಥೆಯನ್ನೂ ಬಿಡಿಸಿ ಕೇಳಿದರು. ಮೊದಲನೆಯದು ಹೊಟ್ಟೆ ಕಾಣುವ ಮುಂಚೆಯೇ ಇಳಿದುಹೋಗಿತ್ತು. ಎರಡನೆಯದು ಏಳು ತಿಂಗಳಿಗೆ, ಸತ್ತೇ ಹುಟ್ಟಿತ್ತು, ಚರ್ಮ ಸುಲಿದಿತ್ತು. ಮೂರನೆಯದು ಜೀವ ಹಿಡಿದು ಬಂದಿತ್ತು. ಆದರೆ ಮುದುಕನ ಮುಖ, ಕಟ್ಟಿದ ಮೂಗು, ಅಂಗೈ ಅಂಗಾಲಿನಲ್ಲಿ ಬೊಬ್ಬೆ. ಮೂಗು ಕಟ್ಟಿದ್ದರಿಂದ ಮೊಲೆ ಹಿಡಿಯಲಾಗದೆ, ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋಯಿತು. ಬಸಿರು ಪ್ರತಿ ಸಲ ಇನ್ನಷ್ಟು ದೂರ ಬಂದು ಮುರಿಯುತ್ತಿದ್ದರೆ ಅದು ಯಾವ ರೋಗದ ನಡೆ ಎಂದು ಸಾಹೇಬರು ನನಗೆ ಕಲಿಸಿದ್ದರು. ಅದು ಊರ ಜನ ಗರ್ಮಿ ಎಂದು ಪಿಸುಗುಟ್ಟುವ, ಗಂಡುಹೆಣ್ಣಿನ ಸಂಗದಿಂದ ಹತ್ತುವ ರೋಗ.

ಕುತ್ತಿಗೆಯ ಹಿಂದೆ, ಮೊಣಕೈಯ ಒಳಬದಿಯಲ್ಲಿ ಗಂಟು ಇವೆಯೇ ನೋಡು ಎಂದರು. ಇದ್ದವು, ಕಡಲೆಕಾಳಿನಷ್ಟು, ಒತ್ತಿದರೆ ನೋಯದಂಥವು. ಅಂಗೈ ಅಂಗಾಲಿನಲ್ಲಿ ಕಲೆ ಇವೆಯೇ ಎಂದರು. ಪಂಚಮಿಗೆ ಹಚ್ಚಿದ ಮೆಹಂದಿ ಅವಳ ಎರಡೂ ಕೈ, ಎರಡೂ ಪಾದ ತುಂಬ ಗಾಢವಾಗಿ ಏರಿತ್ತು. ನಾನು ಕೈ ತಿರುಗಿಸಿ ಮುರುಗಿಸಿ ನೋಡಿ, "ನಹೀಂ ಸಾಹೇಬ್, ಕುಛ್ ನಹೀಂ" ಎಂದುಬಿಟ್ಟೆ. ಕಾಣುತ್ತಿಲ್ಲ ಎನ್ನಬೇಕಿತ್ತು, ಇಲ್ಲ ಎಂದೆ. ಸಾಹೇಬರು ಕಬ್ಬಿಣದ ಟಾನಿಕ್ ಬರೆದು, ಎರಡು ಸಂತೆ ಕಳೆದು ಬರಹೇಳಿದರು.

ಎರಡು ಸಂತೆ ಕಳೆದು ಅವಳು ಬಂದಾಗ ಮೆಹಂದಿ ಮಾಸಿತ್ತು. ಆದರೆ ಅಂಗೈ ನಡುವೆ ಮಾಸದೆ ಉಳಿದ ದುಂಡು ಕಲೆಗಳಿದ್ದವು, ತಾಮ್ರದ ಬಣ್ಣ, ಮುಟ್ಟಿದರೆ ಸ್ವಲ್ಪ ಒರಟು.

"ತುರಸ್ತದೇನವ್ವಾ?"

"ಇಲ್ರೀ."

"ನೋವು?"

"ಏನೂ ಇಲ್ರೀ. ಹಬ್ಬಕ್ಕಿಂತ ಮೊದ್ಲೇ ಇದ್ದುವು. ಹುಣಸಿಹಣ್ಣು ಬಿಡಿಸಿದ್ದಕ್ಕ ಆಗ್ಯಾವ ಅಂದ್ಕೊಂಡೆ. ಚಂದ ಕಾಣಸಂಗಿಲ್ಲಂತ ಮ್ಯಾಲ ಮೆಹಂದಿ ದಪ್ಪಗೆ ಮೆತ್ತಿದೆ."

ಈ ರೋಗ ನೋಯಿಸದು, ತುರಿಸದು, ಅದಕ್ಕೇ ಯಾರೂ ತೋರಿಸಲು ಬರುವುದಿಲ್ಲ. ಮೈಮೇಲಿನ ಗುರುತು ತಾನಾಗಿ ಬಂದು ತಾನಾಗಿ ಹೋಗುತ್ತದೆ, ರೋಗ ಒಳಗೇ ಉಳಿಯುತ್ತದೆ. ತೋರಿಸಿದವಳನ್ನೂ ನಾನು ವಾಪಸು ಕಳಿಸಿದ್ದೆ. ಸಾಹೇಬರಿಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ರಕ್ತ ತೆಗೆದು ಹೈದರಾಬಾದಿಗೆ ಕಳಿಸು, ಯಾವ ರೋಗವೆಂದು ಮಾತ್ರ ಹೇಳಬೇಡ ಎಂದರು.

"ರಕ್ತ ಕಡಿಮಿ ಅದನೋ ಏನೋ ನೋಡ್ತೀವಿ," ಎಂದು ಅವಳಿಗೆ ಸುಳ್ಳು ಹೇಳಿದೆ. ಅವಳು ತೋಳು ಚಾಚಿ, "ಎಷ್ಟು ಬೇಕಾದ್ರೂ ತಗೋರಿ ಬಾಯಾರ," ಅಂದಳು.

ತೆಗೆದ ರಕ್ತವನ್ನು ಗಾಜಿನ ಕೊಳವೆಯಲ್ಲಿ ಓರೆಯಾಗಿ ಇಡಬೇಕು. ಅದು ಹೆಪ್ಪುಗಟ್ಟಿ, ಮೇಲೆ ತಿಳಿ ಹಳದಿ ನೀರು ನಿಲ್ಲುತ್ತದೆ. ಆ ತಿಳಿಯನ್ನಷ್ಟೇ ಹೀರಿ ಇನ್ನೊಂದು ಸಣ್ಣ ಕೊಳವೆಗೆ ಬಿಟ್ಟು, ಅದರ ಬಾಯನ್ನು ಸ್ಪಿರಿಟ್ ದೀಪದ ಉರಿಯಲ್ಲಿ ಕರಗಿಸಿ ಮುಚ್ಚಬೇಕು. ನಾನು ಅರಳೆ ಸುತ್ತಿ, ಮರದ ಹೊಟ್ಟು ತುಂಬಿದ ಡಬ್ಬಿಯಲ್ಲಿಟ್ಟು, ಕಲಬುರಗಿ ಸ್ಟೇಶನ್ನಿನಿಂದ ರೈಲಿಗೆ ಹಾಕಿಸಿದೆ. ಉತ್ತರ ಬಂತು: ಮಾಲು ಕೆಟ್ಟಿದೆ, ಪರೀಕ್ಷೆಗೆ ಬಾರದು. ತಿಳಿ ಹಳದಿ ಇರಬೇಕಾದದ್ದು ಕೆಂಪಾಗಿತ್ತಂತೆ. ಯಾಕೆಂದು ನನಗೆ ತಕ್ಷಣ ಹೊಳೆಯಿತು. ರಕ್ತ ಎಳೆಯುವ ಪಿಚಕಾರಿಯನ್ನು ಕುದಿಸಿ ಒಣಗಿಸದೆ ಬಳಸಿದ್ದೆ. ಒಳಗೆ ಉಳಿದ ಒಂದೆರಡು ಹನಿ ನೀರು ತಾಗಿದರೂ ರಕ್ತದ ಕಣ ಒಡೆದು ಬಣ್ಣ ಬಿಡುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆವತ್ತು ಮೋಟಾರು ಹೊರಡುವ ಅವಸರದಲ್ಲಿದ್ದೆ.

ಮತ್ತೊಮ್ಮೆ ಅವಳ ತೋಳು ಕಟ್ಟಿ ಕೂರಿಸಿದೆ. ಈ ಸಲ ಅತ್ತೆ ಸಂತೆಯಲ್ಲಿದ್ದಳು, ಸಾಹೇಬರು ಚಾವಡಿಗೆ ಹೋಗಿದ್ದರು. ಸೊಸೆ ತಾನಾಗಿ ಬಾಯಿಬಿಟ್ಟಳು.

"ರಕ್ತದಾಗ ಏನು ಕಾಣ್ತದ್ರೀ ಬಾಯಾರ? ಪಾಪ ಮಾಡಿದ್ದು ಕಾಣ್ತದೇನ್ರಿ?"

"ಎಂಥಾ ಪಾಪವ್ವಾ?"

"ಮೊದಲ್ನೇ ಬಸರಿನಾಗ ಗ್ರಹಣ ಹಿಡದಾಗ ಈಳಿಗಿ ಹಿಡಿದು ಬಾಳಿಕಾಯಿ ಹೆಚ್ಚಿದೆ ರೀ. ಹಸಿವಾಗಿತ್ತು. ಯಾರಿಗೂ ಹೇಳಿಲ್ಲ. ಆವತ್ತಿನಿಂದ ಒಂದೂ ಉಳೀಲಿಲ್ಲ. ಮೂರೂ ನಾನೇ ಕೊಂದೀನಿ."

"ಹಂಗ ಯಾರೂ ಸಾಯಂಗಿಲ್ಲವ್ವಾ."

"ನೀವು ಸಮಾಧಾನಕ್ಕ ಅಂತೀರಿ. ತಂಗೀನ್ನ ತರ್ರಿ ಅಂತ ಅತ್ತಿಗಿ ಹೇಳ್ದಾಕಿ ನಾನೇ ರೀ. ನಮ್ಮವ್ವನ ಕಾಲು ಹಿಡಿದು ಒಪ್ಪಿಸೀನಿ. ಆಕಿ ಹಡೆದದ್ದನ್ನ ಎತ್ತಿ ಆಡಸ್ತೀನಿ. ಅಷ್ಟರ ಪಾಪ ತೊಳೀಲಿ."

ನನ್ನ ಕೈಯಲ್ಲಿ ಸೂಜಿಯಿತ್ತು. ಮಾಡದ ತಪ್ಪಿಗೆ ಅವಳು ತಂಗಿಯನ್ನೇ ಪ್ರಾಯಶ್ಚಿತ್ತಕ್ಕೆ ಕೊಡುತ್ತಿದ್ದಳು. ನನಗೆ ಕಾರಣ ಗೊತ್ತಿತ್ತು, ಆದರೂ ನಾನು ಅರಳೆ ಒತ್ತಿ, ಮೊಣಕೈ ಮಡಚಿ ಹಿಡಿ ಎಂದಷ್ಟೇ ಹೇಳಿದೆ.

ಈ ಸಲ ತಿಳಿ ಚೊಕ್ಕವಾಗಿ ಬಂತು, ಪರೀಕ್ಷೆಯೂ ಆಯಿತು. ರೋಗ ಇದೆ, ಬಲವಾಗಿಯೇ ಇದೆ ಎಂದು ಉತ್ತರ ಬಂತು. ಸಾಹೇಬರು ಆ ಸುದ್ದಿಯನ್ನು ಅವಳಿಗೆ ಹೇಳಲಿಲ್ಲ, ಅವಳ ಗಂಡನನ್ನು ಕಲಬುರಗಿಗೆ ಕರೆಸಿದರು. ರಕ್ತ ಅವಳದು, ಸುದ್ದಿ ಅವನಿಗೆ. ಅವನಿಗೆ ಉರ್ದು ಅಷ್ಟಕ್ಕಷ್ಟೇ, ಹಾಗಾಗಿ ಮಾತು ತಿರುಗಿಸಲು ನನ್ನನ್ನೂ ಕೂರಿಸಿದರು. ಹೆಣ್ಣಿನ ಮುಂದೆ ಇಂಥ ಮಾತು ಬಂದದ್ದಕ್ಕೆ ಅವನು ನೆಲ ನೋಡುತ್ತಲೇ ಉತ್ತರ ಕೊಟ್ಟ.

"ಒಂದು ಹುಣ್ಣಾಗಿತ್ರೀ. ಲಗ್ನಕ್ಕ ಮೊದಲು, ಕೋರ್ಟ್ ಕೆಲಸಕ್ಕ ಹೈದರಾಬಾದಿಗಿ ಹೋಗಿ ಬಂದ ಮ್ಯಾಲ. ನೋವಿರಲಿಲ್ಲ. ತಾನೇ ಮಾಯ್ತು. ಮಾದ ಮ್ಯಾಲ ಇನ್ನೇನ್ರಿ?"

ಮಾಯ್ದರೂ ಹೋಗಿಲ್ಲ, ಹುಣ್ಣು ಹೊರಬಾಗಿಲು ಮಾತ್ರ, ರೋಗ ಒಳಗೆ ಬಂದು ಕೂತಾಗಿದೆ ಎಂದು ಸಾಹೇಬರು ವಿವರಿಸಿದರು. ಅವನ ರಕ್ತವನ್ನೂ ತೆಗೆದು ಕಳಿಸಿದೆವು. ದಸರೆಯ ಹೊತ್ತಿಗೆ ಉತ್ತರ ಬಂತು: ರೋಗದ ಗುರುತಿಲ್ಲ.

ಅವನ ಮುಖ ಅರಳಿತು. "ನೋಡ್ರಿ, ನಂದೇನಿಲ್ಲ. ಆಕೀದೇ ಏನೋ ಅದ," ಅಂದ.

ಹಾಗೆಂದು ನಕ್ಕಾಗ ನನಗೆ ಅವನ ವಸಡು ಕಂಡಿತು. ಊದಿ ಹಲ್ಲಿನಿಂದ ಬಿಟ್ಟುಕೊಂಡಿತ್ತು. ಮಾತಿನ ನಡುವೆ ಮತ್ತೆ ಮತ್ತೆ ಜೊಲ್ಲು ನುಂಗುತ್ತಿದ್ದ, ಉಸಿರು ನಾರುತ್ತಿತ್ತು. ಪಾದರಸದ ಗುಳಿಗೆ ತಿನ್ನುವವರ ಬಾಯಿ ಅದು. ವಾರ್ಡಿನಲ್ಲಿ ಅಂಥ ಬಾಯಿ ಎಷ್ಟೋ ತೊಳೆದಿದ್ದೆ. ಸಾಹೇಬರಿಗೆ ಮೆಲ್ಲಗೆ ಹೇಳಿದೆ. ಅವರು ಗದರಿಸಿ ಕೇಳಿದಾಗ ಒಪ್ಪಿಕೊಂಡ. ಹೆಂಡತಿಯ ರಕ್ತ ಹೈದರಾಬಾದಿಗೆ ಹೋಯಿತೆಂದು ಕೇಳಿದ ದಿನವೇ ಹೆದರಿಕೊಂಡು, ಕೋಟೆಯ ಹತ್ತಿರ ಕೂತು ಪುಡಿ ಮಾರುವವನೊಬ್ಬನಿಂದ ಗುಳಿಗೆ ತಂದು ತಿನ್ನುತ್ತಿದ್ದನಂತೆ.

ಗುಳಿಗೆ ರೋಗವನ್ನು ಕೊಂದಿರಲಿಲ್ಲ, ರಕ್ತದಲ್ಲಿನ ಗುರುತನ್ನು ಅಡಗಿಸಿತ್ತು. ಹುಣ್ಣು ಬಂದ ಹೊಸತರಲ್ಲಿ ರಕ್ತ ನೋಡಿದರೂ ಹೀಗೇ ಮೋಸವಾಗುತ್ತದೆ, ಗುರುತು ಏಳಲು ಕೆಲವು ವಾರ ಬೇಕು. ಪರೀಕ್ಷೆ ಮಾಡಿಸಿದರೆ ಸಾಲದು, ಹೊತ್ತು ನೋಡಿ ಮಾಡಿಸಬೇಕು. ಗುಳಿಗೆ ಬಿಟ್ಟು ಎರಡು ತಿಂಗಳಾದರೂ ಕಾಯಬೇಕು, ಆಮೇಲೆ ಇನ್ನೊಮ್ಮೆ ರಕ್ತ, ಅಲ್ಲಿಯವರೆಗೆ ಎರಡನೇ ಲಗ್ನದ ಮಾತು ಬೇಡ ಎಂದರು ಸಾಹೇಬರು. ಅವನು ತಲೆಯಾಡಿಸಿದ. ಲಗ್ನ ತುಳಸಿ ಹಬ್ಬದ ಮರುವಾರಕ್ಕೆ ನಿಶ್ಚಯವಾಗಿದೆ ಎಂದು ನನಗೆ ಗೊತ್ತಿತ್ತು. ಅಷ್ಟರೊಳಗೆ ಎರಡು ತಿಂಗಳು ಆಗುವಂತಿರಲಿಲ್ಲ. ನಿಲ್ಲಿಸಬೇಕೆಂದರೆ ಅವನು ಮನೆಯಲ್ಲಿ ಕಾರಣ ಹೇಳಬೇಕು. ಅವನು ಹೇಳುವ ಗಂಡಸಲ್ಲ ಎಂಬುದೂ ಅವನ ತಲೆಯಾಡಿಸುವ ರೀತಿಯಲ್ಲೇ ತಿಳಿಯುತ್ತಿತ್ತು.

ಅವನು ಹೋದ ಮೇಲೆ ಸಾಹೇಬರನ್ನು ಬೇಡಿಕೊಂಡೆ. ಹೆಂಡತಿಗೆ ಹೇಳೋಣ, ಆ ಹುಡುಗಿಯ ತಂದೆಗಾದರೂ ಹೇಳೋಣ ಎಂದೆ.

"ಮರ್ದ್ ಕೀ ಬಾತ್ ಮರ್ದ್ ತಕ್, ಬಾಯಿ," ಅಂದರು. ಗಂಡಸಿನ ಮಾತು ಗಂಡಸಿನಲ್ಲೇ ಇರಲಿ ಎಂದು. ಆಮೇಲೆ ಮೆತ್ತಗೆ ಹೇಳಿದರು: ಒಬ್ಬನ ಗುಟ್ಟು ದವಾಖಾನೆಯಿಂದ ಹೊರಬಿದ್ದರೆ ನಾಳೆಯಿಂದ ಒಬ್ಬನೂ ಇಲ್ಲಿಗೆ ಬರುವುದಿಲ್ಲ, ಎಲ್ಲರೂ ಆ ಪುಡಿ ಮಾರುವವನ ಹತ್ತಿರವೇ ಹೋಗುತ್ತಾರೆ. ಆಗ ಎಷ್ಟು ಹೆಂಡಿರು, ಎಷ್ಟು ಕೂಸುಗಳು? ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ದೀಪಾವಳಿ ಕಳೆದ ಸಂತೆಗೆ ಸೊಸೆ ಬಂದಳು. ಲಗ್ನಕ್ಕೆ ಸೀರೆ, ಬಳೆ ಕೊಳ್ಳಲು ತಂಗಿಯನ್ನೂ ಕರೆತಂದಿದ್ದಳು. ಅತ್ತೆ ಅವಳನ್ನು ಬಳೆಯಂಗಡಿಯಲ್ಲಿ ಕೂರಿಸಿಕೊಂಡಿದ್ದಳು. ನಮ್ಮ ಕಿಟಕಿಯಿಂದ ಅಂಗಡಿ ಕಾಣುತ್ತಿತ್ತು. ಬಳೆಗಾರ ಕೈ ಹಿಂಡಿ ಹಸಿರು ಬಳೆ ಏರಿಸುತ್ತಿದ್ದ, ಹುಡುಗಿ ನೋವಿಗೆ ಮುಖ ಕಿವುಚಿ, ಮರುಕ್ಷಣ ನಗುತ್ತಿದ್ದಳು. ಸೊಸೆ ಪರದೆಯ ಈಚೆ ನನ್ನ ಮುಂದೆ ಕೂತು, "ನನ್ನ ರಕ್ತದ ಸುದ್ದಿ ಬಂತೇನ್ರಿ?" ಎಂದು ಕೇಳಿದಳು.

"ಕಡಿಮಿ ಅದ ಅಂದಾರ," ಎಂದೆ.

"ಇರ್ಲಿ ಬಿಡ್ರಿ. ಇನ್ನ ನನ್ನ ರಕ್ತ ಯಾರಿಗಿ ಬೇಕು? ಲಗ್ನಕ್ಕ ನೀವು ಬರಬೇಕು ಬಾಯಾರ. ವಿಧವಿ ಅಂತ ಯಾರೂ ಏನೂ ಅನ್ನಂಗಿಲ್ಲ, ನಾ ನೋಡ್ಕೋತೀನಿ."

ಇನ್ನು ನನ್ನಿಂದಾಗಲಿಲ್ಲ. ಕೊಟ್ಟ ಮಾತು, ಸಾಹೇಬರ ಉಪ್ಪು, ನನ್ನ ನೌಕರಿ, ಎಲ್ಲ ನೆನಪಿಗೆ ಬಂದವು. ಎಲ್ಲ ನೆನಪಿಟ್ಟುಕೊಂಡೇ ಹೇಳಿದೆ. ಪರದೆಯಾಚೆ ಸಾಹೇಬರು ಕೂತಿದ್ದರು, ಒಂದು ಮಾರು ದೂರದಲ್ಲಿ. ಅವರಿಗೆ ಕನ್ನಡ ಬಾರದು. ನಾನು ರೋಗಿಗೆ ಪ್ರಶ್ನೆ ಕೇಳುವ ದನಿಯಲ್ಲೇ, ಏರಿಸದೆ ಇಳಿಸದೆ ಹೇಳುತ್ತ ಹೋದೆ.

"ತಂಗೀನ್ನ ಕೊಡಬ್ಯಾಡವ್ವಾ. ನಿನ್ನ ಕೂಸುಗೋಳು ಗ್ರಹಣದಿಂದ ಹೋಗಿಲ್ಲ. ನಿನ್ನ ಗಂಡಗ ಲಗ್ನಕ್ಕ ಮೊದಲೇ ಹೊರಗಿನ ಹೆಣ್ಣಿನಿಂದ ಕೆಟ್ಟ ರೋಗ ಹತ್ತಿತ್ತು. ಹುಣ್ಣು ಮಾದದ, ರೋಗ ಹೋಗಿಲ್ಲ. ಅವನಿಂದ ನಿನಗ ಬಂತು, ನಿನ್ನಿಂದ ಹೊಟ್ಯಾಗಿನ ಕೂಸಿಗಿ. ನಿನ್ನ ಅಂಗೈ ಕಲೀನೂ ಅದೇ. ತಂಗಿ ಬಂದ್ರ ಆಕಿಗೂ ಅದೇ, ಆಕಿ ಕೂಸಿಗೂ ಅದೇ."

"ಕ್ಯಾ ಬೋಲ್ ರಹೀ ಹೈ?" ಪರದೆಯಾಚೆಯಿಂದ ಸಾಹೇಬರ ದನಿ ಬಂತು.

"ಖಾನೇ ಕಾ ಪೂಛ್ ರಹೀ ಹೈ, ಸಾಹೇಬ್," ಎಂದೆ. ಪಥ್ಯ ಕೇಳುತ್ತಿದ್ದಾಳೆ ಎಂದು. ನನ್ನ ಕಣ್ಣು ನಂಬಿದಂತೆಯೇ ನನ್ನ ನಾಲಗೆಯನ್ನೂ ನಂಬಿದ ಮನುಷ್ಯ ಅವರು, ಆಯಿತು ಎಂದು ಸುಮ್ಮನಾದರು.

ಅವಳು ಅಳುತ್ತಾಳೆ, ಇಲ್ಲವೇ ಗಂಡನಿಗೆ ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ.

"ಹಂಗಾದ್ರ ನಾ ಕೊಂದಿಲ್ಲೇನ್ರಿ?" ಅಂದಳು.

"ಇಲ್ಲವ್ವಾ."

"ಮೂರೂ?"

"ಮೂರೂ ನೀ ಕೊಂದಿಲ್ಲ."

ಆಮೇಲೆ ಅತ್ತಳು, ಸೆರಗು ಬಾಯಿಗೆ ತುರುಕಿಕೊಂಡು, ಆಚೆ ಕೇಳದಂತೆ. ಕಣ್ಣು ಒರೆಸಿಕೊಂಡು ಕೇಳಿದಳು, "ಇದಕ್ಕ ಔಷಧ ಅದೇನ್ರಿ?"

"ಅದ. ಸೂಜಿ ಚುಚ್ಚಬೇಕು, ಇಬ್ಬರಿಗೂ, ಬಹಳ ದಿನ. ಒಬ್ಬರಿಗೇ ಚುಚ್ಚಿದ್ರ ಉಪಯೋಗಿಲ್ಲ."

"ಇದನ್ನ ನನಗ ಹೇಳಬ್ಯಾಡ ಅಂದಾರೇನ್ರಿ ನಿಮಗ?"

ನಾನು ಹೌದೆಂದು ತಲೆಯಾಡಿಸಿದೆ.

"ಹಂಗಾದ್ರ ನೀವು ಹೇಳಿಲ್ಲ," ಎಂದು ಎದ್ದು ಹೋದಳು.

ಲಗ್ನ ಮುರಿಯಿತು. ಹೇಗೆ ಮುರಿಯಿತೆಂದು ತಿಳಿದದ್ದು ಮುಂದಿನ ಸಂತೆಗೆ, ಅದೂ ಬಂದ ರೋಗಿಗಳ ಬಾಯಿಂದ. ತುಂಬಿದ ಮನೆಯಲ್ಲಿ, ಎರಡೂ ಕಡೆಯ ಹಿರಿಯರ ಮುಂದೆ ಅವಳು, ನನಗೆ ಸವತಿ ಬೇಡ, ತಂಗಿಯಾದರೂ ಬೇಡ, ತಂದರೆ ಬಾವಿಗೆ ಬೀಳುತ್ತೇನೆ ಎಂದು ಹಟ ಹಿಡಿದಳಂತೆ. ತಾನೇ ಕಾಲು ಹಿಡಿದು ಕೇಳಿದ ಹೆಣ್ಣನ್ನು ತಾನೇ ಬೇಡವೆಂದಳಲ್ಲ ಎಂದು ಅವಳ ತಾಯಿ ಮಾತು ಬಿಟ್ಟಳು. ಬಳೆ ತೊಟ್ಟು ಕೂತಿದ್ದ ತಂಗಿ, ಅಕ್ಕ ನನ್ನ ಬಾಳು ಹಾಳುಮಾಡಿದಳು ಎಂದು ಎದೆ ಬಡಿದುಕೊಂಡಳು. ರೋಗದ ಮಾತು ಅಕ್ಕನ ಬಾಯಿಂದ ಬರಲಿಲ್ಲ. ಅದನ್ನು ಹೇಳಿದ್ದರೆ, ಯಾರು ಹೇಳಿದರು ನಿನಗೆ ಎಂದು ಕೇಳುತ್ತಿದ್ದರು. ಇದನ್ನೆಲ್ಲ ಕೇಳಿ ನಾನು ದವಾಖಾನೆಯ ಒಳಗಿನ ಕೋಣೆಗೆ ಹೋಗಿ, ತೊಳೆದಿದ್ದ ಬಾಟಲಿಗಳನ್ನೇ ಮತ್ತೆ ತೊಳೆಯುತ್ತ ನಿಂತೆ.

ಗಂಡನಿಗೆ ಅವಳು ಒಳಗೆ ಏನು ಹೇಳಿದಳೋ ನನಗೆ ಗೊತ್ತಿಲ್ಲ, ಊಹಿಸಬಲ್ಲೆ. ಅವನು ಸಾಹೇಬರು ಹೇಳಿದ ಹೊತ್ತಿಗೆ ಸರಿಯಾಗಿ ಕಲಬುರಗಿಗೆ ಬಂದು, ಮುಖ ಗಂಟಿಕ್ಕಿಕೊಂಡೇ ತೋಳು ಕೊಟ್ಟ. ಗುಳಿಗೆ ಬಿಟ್ಟಿದ್ದ, ವಸಡು ಇಳಿದಿತ್ತು. ಈ ಸಲ ರಕ್ತ ನಿಜ ಹೇಳಿತು. ಹಳದಿ ಪುಡಿಯನ್ನು ಆಗಷ್ಟೇ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ನರಕ್ಕೆ ಚುಚ್ಚುವ ಔಷಧ ಅವನಿಗೂ ಶುರುವಾಯಿತು, ಶಕ್ತಿಯ ಸೂಜಿ ಎಂಬ ಹೆಸರಿನಲ್ಲಿ ಅವಳಿಗೂ ಶುರುವಾಯಿತು.

ಸಾಹೇಬರಿಗೆ ಬಹಳ ಸಂತೋಷವಾಗಿತ್ತು. "ನೋಡಿದಿರಾ ಬಾಯಿ, ನಾವು ಬಾಯಿ ಮುಚ್ಚಿಕೊಂಡಿದ್ದಕ್ಕೇ ಅವನು ನಂಬಿ ಬಂದ. ಲಗ್ನವೂ ದೇವರ ದಯೆಯಿಂದ ತಾನಾಗಿ ನಿಂತಿತು," ಎಂದು ಉರ್ದುವಿನಲ್ಲಿ ಹೇಳಿ, ನನ್ನ ಸಂಯಮವನ್ನು ಹೊಗಳಿದರು. ಅಂಥ ಹೊಗಳಿಕೆಯನ್ನು ನಾನು ಯಾವತ್ತೂ ಕೇಳಿರಲಿಲ್ಲ. ತಲೆ ತಗ್ಗಿಸಿ ಕೇಳಿಸಿಕೊಂಡೆ. ಸಾಹೇಬರು ಅದನ್ನು ವಿನಯವೆಂದೇ ತಿಳಿದರು.

ಸೂಜಿಯ ಮೂರನೆಯದೋ ನಾಲ್ಕನೆಯದೋ ಸಲ ಅತ್ತೆಯೂ ಜೊತೆಗೆ ಬಂದಳು. ಹೊರಗೆ ಸಾಲಿನಲ್ಲಿ ಕೂತ ಹೆಂಗಸರೆಲ್ಲ ಸೊಸೆಯನ್ನು ನೋಡಿ ಒಬ್ಬರ ಕಿವಿಯಲ್ಲಿ ಒಬ್ಬರು ಮಾತಾಡಿಕೊಂಡರು. ನಾನು ತೋಳಿಗೆ ಪಟ್ಟಿ ಬಿಗಿಯುತ್ತಿದ್ದೆ. ಅತ್ತೆ ಎಲ್ಲರಿಗೂ ಕೇಳುವಂತೆ ಶುರುಮಾಡಿದಳು.

"ನೀವರ ಬುದ್ಧಿ ಹೇಳ್ರಿ ಬಾಯಾರ. ನಿಮ್ಮ ಮಾತು ಕೇಳ್ತಾಳ ಇಕಿ. ಒಡಹುಟ್ಟಿದ ತಂಗಿ ಮ್ಯಾಲ ಇಷ್ಟು ಹೊಟ್ಟಿಕಿಚ್ಚೇನ್ರಿ? ನಮ್ಮ ವಂಶ ನಿಂತುಹೋಯ್ತು ಇಕಿ ಕಾಲಾಗ. ಹೇಳ್ರಿ, ಸುಮ್ಮ ಯಾಕ ನಿಂತೀರಿ?"

ನಾನು ಬಾಯಿ ತೆರೆದೆ. ಇದು ಅವಳ ತಪ್ಪಲ್ಲ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಸೊಸೆ ನನ್ನತ್ತ ನೋಡಿ, ಅತ್ತೆಗೆ ಕಾಣದಂತೆ, ಬೇಡವೆಂದು ತಲೆ ಅಲ್ಲಾಡಿಸಿದಳು. ಪರದೆಯಾಚೆ ಸಾಹೇಬರು ಸೂಜಿ ತುಂಬಿಕೊಂಡು ಕಾಯುತ್ತಿದ್ದರು.

"ಹೊಟ್ಟಿಕಿಚ್ಚು ಚಲೋದಲ್ಲವ್ವಾ," ಎಂದೆ ನಾನು. "ದೊಡ್ಡವರ ಮಾತು ಕೇಳಬೇಕು."

"ಹೌದ್ರೀ ಬಾಯಾರ," ಅಂದಳು ಅವಳು. "ನಂದೇ ತಪ್ಪಾಗ್ಯದ."